ಪಕ್ಕದವರ ಬಾಯಿ ವಾಸನೆಗೆ ಮೂಗಿನ ಕಾವಲು: ಮಾಸ್ಕು, ಇನ್‌ಹೇಲರು, ನಿಂಬೆಹಣ್ಣು ಇವುಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು?

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ರೈಲು ಹತ್ತಿದರೆ ಎದುರಿನವರ ಮುಖಕ್ಕೂ ನಮ್ಮ ಮುಖಕ್ಕೂ ನಡುವೆ ಒಂದು ಗೇಣು ಜಾಗ ಉಳಿದರೆ ಪುಣ್ಯ. ಅವರೋ ಬೆಳಗಿನಿಂದ ಎಸಿ ಆಫೀಸಿನಲ್ಲಿ ಮಾತಾಡಿ ಮಾತಾಡಿ ಬಾಯಿ ಒಣಗಿಸಿಕೊಂಡವರು, ನಾಲ್ಕು ಕಾಫಿ ಇಳಿಸಿದವರು, ಬರುವ ದಾರಿಯಲ್ಲಿ ಗೋಬಿ ಮಂಚೂರಿ ಮೇಲೆ ಹಸಿ ಈರುಳ್ಳಿ ಉದುರಿಸಿಕೊಂಡು ತಿಂದವರು. ಬೈದು ಪ್ರಯೋಜನವಿಲ್ಲ. ನಾಳೆ ಆ ಜಾಗದಲ್ಲಿ ನಾವೇ ಇರುತ್ತೇವೆ. ಮೂಗನ್ನು ಕಾಯಲು ಮೆಡಿಕಲ್ ಶಾಪು, ಗ್ರಂಧಿಗೆ ಅಂಗಡಿ, ಆನ್‌ಲೈನು ಎಲ್ಲ ಕಡೆ ಸಾಮಾನು ಸಿಗುತ್ತದೆ. ಅದರಲ್ಲಿ ಅರ್ಧಕ್ಕರ್ಧ ದಂಡ.

ಯಾಕೆ ದಂಡ ಎನ್ನುವುದು ತಿಳಿಯಬೇಕಾದರೆ ಈ ವಾಸನೆ ಏನೆಂದು ಗೊತ್ತಿರಬೇಕು. ನಾಲಿಗೆಯ ಹಿಂಭಾಗದ ಬಿಳಿ ಪದರದಲ್ಲಿ, ಒಸಡಿನ ಸಂದಿಯಲ್ಲಿ ಗಾಳಿ ತಾಗದೆ ಬದುಕುವ ಬ್ಯಾಕ್ಟೀರಿಯಾಗಳು ಅನ್ನದ ಚೂರು, ಸತ್ತ ಜೀವಕೋಶಗಳ ಪ್ರೋಟೀನು ಮುರಿದು ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡ್‌ನದು, ಕೊಳೆತ ಎಲೆಕೋಸಿನದು ಮೀಥೈಲ್ ಮರ್ಕ್ಯಾಪ್ಟನ್‌ನದು. ಎರಡೂ ಗಾಳಿಯಲ್ಲಿ ಬೆರೆತ ಅನಿಲ. ಧೂಳೂ ಅಲ್ಲ, ಹನಿಯೂ ಅಲ್ಲ.

ಇನ್ನೊಂದು ವಿಷಯವಿದೆ. ಒಂದೇ ಸಮನೆ ಬರುವ ವಾಸನೆಗೆ ಮೂಗು ಕೆಲವು ನಿಮಿಷಗಳಲ್ಲಿ ಒಗ್ಗಿಕೊಳ್ಳುತ್ತದೆ. ಕೆ.ಆರ್. ಮಾರ್ಕೆಟ್ಟಿನ ಒಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ಕೊಳೆತ ಸೊಪ್ಪಿನ ವಾಸನೆ ಮರೆತುಹೋಗುವುದು ಹೀಗೆ. ಬಾಯಿ ವಾಸನೆ ಹಾಗಲ್ಲ. ಮಾತಾಡಿದಾಗ, ಆಕಳಿಸಿದಾಗ, ನಕ್ಕಾಗ ಅಲೆಯಂತೆ ಬರುತ್ತದೆ, ಹೋಗುತ್ತದೆ. ನಡುವೆ ಮೂಗು ಚೇತರಿಸಿಕೊಂಡು, ಮುಂದಿನ ಅಲೆಗೆ ಮತ್ತೆ ಹೊಸದಾಗಿ ಸಿಕ್ಕಿಬೀಳುತ್ತದೆ. ಹಾಗಾಗಿ ಯಾವ ಸಾಮಾನು ಕೊಂಡರೂ ಅದು ಆ ಅಲೆಯನ್ನು ಮುರಿಯುತ್ತದೆಯೇ ಎಂದು ನೋಡಬೇಕು.

ಎನ್95 ಮಾಸ್ಕ್: 10ಕ್ಕೆ 3

ಕೊರೊನಾ ಕಾಲದ ಸ್ಟಾಕು ಮನೆಯಲ್ಲಿ ಬಿದ್ದಿದೆ, ಹಾಕಿಕೊಂಡರೆ ಆಯಿತು ಎನ್ನುವವರು ಬಹಳ. ಎನ್95 ಹಿಡಿಯುವುದು ಕಣಗಳನ್ನು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 95ನ್ನು ತಡೆಯಬೇಕು ಎಂಬುದೇ ಆ ಹೆಸರಿನ ಅರ್ಥ. ಗಂಧಕದ ಅನಿಲದ ಅಣು ಅದಕ್ಕಿಂತ ನೂರಾರು ಪಟ್ಟು ಚಿಕ್ಕದು. ಸೊಳ್ಳೆ ಪರದೆ ಕಟ್ಟಿ ಒಗ್ಗರಣೆ ಘಾಟು ತಡೆಯುತ್ತೇನೆಂದರೆ ಆದೀತೆ? ಕೆಮ್ಮು, ಧೂಳಿಗೆ ಇದು ಒಳ್ಳೆಯ ಮಾಸ್ಕು, ವಾಸನೆಗೆ ಅಲ್ಲ. ಮೂರು ಅಂಕ ಕೊಟ್ಟಿದ್ದು, ಎದುರಿನಿಂದ ನೇರ ಬರುವ ಉಸಿರಿನ ರಭಸವನ್ನು ಬಟ್ಟೆ ಸ್ವಲ್ಪ ಚದುರಿಸುತ್ತದೆ ಎಂಬ ಕಾರಣಕ್ಕೆ. ಆ ಕೆಲಸವನ್ನು ಸಾದಾ ಸರ್ಜಿಕಲ್ ಮಾಸ್ಕೂ ಮಾಡುತ್ತದೆ.

ಇದರ ಮೇಲೆ ಅಮೃತಾಂಜನವನ್ನೋ ನೀಲಗಿರಿ ಎಣ್ಣೆಯನ್ನೋ ಸವರುವ ಅಭ್ಯಾಸವಿದ್ದರೆ ಬಿಡಿ. ಎನ್95ರ ಪದರ ಕಣ ಹಿಡಿಯುವುದು ಅದರಲ್ಲಿ ಕೂಡಿಟ್ಟ ವಿದ್ಯುದಾವೇಶದಿಂದ. ಎಣ್ಣೆ ತಾಗಿದರೆ ಆ ಶಕ್ತಿ ಕುಂದುತ್ತದೆ. ಆಮೇಲೆ ವಾಸನೆಯೂ ನಿಲ್ಲುವುದಿಲ್ಲ, ವೈರಸ್ಸೂ ನಿಲ್ಲುವುದಿಲ್ಲ.

ಕಾರ್ಬನ್ ಪದರದ ಮಾಸ್ಕ್: ಅಸಲಿಯಾದರೆ 8, ನಕಲಿಯಾದರೆ ಸೊನ್ನೆ

ವಾಸನೆಯನ್ನು ನಿಜವಾಗಿ ಹಿಡಿಯುವುದು ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು. ಅದರ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳ ಗೋಡೆಗೆ ಅನಿಲದ ಅಣುಗಳು ಅಂಟಿಕೊಳ್ಳುತ್ತವೆ. ಎಲೆಕೋಸು ನಾತದ ಮರ್ಕ್ಯಾಪ್ಟನ್ ಚೆನ್ನಾಗಿ ಅಂಟುತ್ತದೆ. ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಸಾದಾ ಇದ್ದಿಲಿಗೆ ಅಷ್ಟಾಗಿ ಅಂಟದು. ಹಾಗಾಗಿ ಪೂರ್ತಿ ಸೊನ್ನೆಯಾಗುತ್ತದೆಂಬ ಆಸೆ ಬೇಡ, ಸಹಿಸಬಹುದಾದ ಮಟ್ಟಕ್ಕೆ ಇಳಿಯುತ್ತದೆ.

ತೊಂದರೆಯೆಂದರೆ, 'ಕಾರ್ಬನ್' ಎಂದು ಮಾರುವ ಮಾಸ್ಕುಗಳಲ್ಲಿ ಹಲವು ಬರೀ ಬೂದು ಬಣ್ಣದ ಬಟ್ಟೆ. ಕಣ್ಣಿಗೆ ಎರಡೂ ಒಂದೇ. ಪರೀಕ್ಷೆ ಮಾಡಲು ಅಡುಗೆಮನೆಯ ಇಂಗಿನ ಡಬ್ಬಿ ಸಾಕು. ಇಂಗಿನ ಘಾಟೂ ಗಂಧಕದ ಸಂಯುಕ್ತಗಳದ್ದೇ, ಬಾಯಿ ವಾಸನೆಯ ದಾಯಾದಿ. ಮಾಸ್ಕಿಲ್ಲದೆ ಡಬ್ಬಿಯ ಮುಚ್ಚಳ ತೆಗೆದು ಒಂದು ಅಡಿ ದೂರದಲ್ಲಿ ಹಿಡಿದು ಒಮ್ಮೆ ಉಸಿರೆಳೆಯಿರಿ. ಬೇರೆ ಕೋಣೆಗೆ ಹೋಗಿ ಐದು ನಿಮಿಷ ಬಿಟ್ಟು, ಮಾಸ್ಕ್ ಹಾಕಿ, ಮೂಗಿನ ಮೇಲಿನ ತಂತಿಯನ್ನು ಎರಡೂ ಬೆರಳಲ್ಲಿ ಒತ್ತಿ ಕೂರಿಸಿ, ಅದೇ ದೂರದಲ್ಲಿ ಮತ್ತೆ ನೋಡಿ. ಘಾಟು ಅಷ್ಟೇ ಇದ್ದರೆ ಬಟ್ಟೆಗೆ ಬಳಿದದ್ದು ಬಣ್ಣ. ಪುಡಿ ಇಂಗಿಗಿಂತ ಗಟ್ಟಿ ಇಂಗು ಮೇಲು. ಪುಡಿಯಲ್ಲಿ ಹಿಟ್ಟು, ಗೋಂದು ಬೆರೆತಿರುತ್ತದೆ.

ಘಾಟು ಕಡಿಮೆಯಾಗದಿದ್ದರೆ ತಕ್ಷಣ ಬಿಸಾಡಬೇಡಿ, ಸೋರಿಕೆಯೂ ಕಾರಣವಿರಬಹುದು. ಎರಡೂ ಅಂಗೈಯನ್ನು ಮಾಸ್ಕಿನ ಅಂಚಿನ ಸುತ್ತ ಹಿಡಿದು ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆ ಗಾಳಿ ಬಂದರೆ ತಂತಿ ಕೂತಿಲ್ಲ. ಕೆನ್ನೆಯ ಕಡೆ ಬಂದರೆ ಸೈಜು ದೊಡ್ಡದು. ಗಡ್ಡ ಬಿಟ್ಟವರಿಗೆ ಯಾವ ಮಾಸ್ಕೂ ಸರಿಯಾಗಿ ಕೂರದು, ಅವರು ಈ ಬಾಬ್ತಿನಲ್ಲಿ ದುಡ್ಡು ಉಳಿಸಬಹುದು.

ಅಸಲಿ ಬೇಕಾದರೆ ಫ್ಯಾನ್ಸಿ ಸ್ಟೋರಿನಲ್ಲಿ ಹುಡುಕಬೇಡಿ. ಎಸ್‌ಜೆಪಿ ರಸ್ತೆಯ ಆಸುಪಾಸಿನಲ್ಲಿ ಕೈಗವಸು, ಹೆಲ್ಮೆಟ್ ಇಟ್ಟು ಕಾರ್ಖಾನೆಗಳಿಗೆ ಮಾರುವ ಸೇಫ್ಟಿ ಅಂಗಡಿಗಳಲ್ಲಿ ವಿಚಾರಿಸಿ. ಪೇಂಟು, ವೆಲ್ಡಿಂಗ್ ಕೆಲಸದವರು 'ವಾಸನೆಗೆ ಹಾಕೋ ಕಾರ್ಬನ್ ಮಾಸ್ಕ್' ಎಂದೇ ಕೇಳುವುದು. ಒಂದೊಂದು ಮಾಸ್ಕಿಗೆ ಸರ್ಜಿಕಲ್ ಮಾಸ್ಕಿನ ಹತ್ತಾರು ಪಟ್ಟು ಬೆಲೆ ಬೀಳುತ್ತದೆ.

ಹೆಚ್ಚಿನವರು ಇದನ್ನು ಹಾಳುಮಾಡುವುದು ಬಳಸುವಾಗ ಅಲ್ಲ, ಇಡುವಾಗ. ಕಾರ್ಬನ್‌ಗೆ ಒಳ್ಳೆ ವಾಸನೆ, ಕೆಟ್ಟ ವಾಸನೆ ಎಂಬ ಭೇದವಿಲ್ಲ. ಬ್ಯಾಗಿನಲ್ಲಿ ಡಿಯೋಡರೆಂಟ್ ಜೊತೆಗೋ ಟಿಫಿನ್ ಬಾಕ್ಸಿನ ಸಾಂಬಾರಿನ ಜೊತೆಗೋ ಹಾಕಿಟ್ಟರೆ ಮನೆ ಮುಟ್ಟುವ ಹೊತ್ತಿಗೆ ಅದು ಅವನ್ನೇ ಕುಡಿದು ತುಂಬಿಕೊಂಡಿರುತ್ತದೆ. ಜಿಪ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಇಡಿ. ತೊಳೆಯಬಾರದು. ಬಿಸಿಲಿಗೆ ಹಾಕಿದರೂ ಹೊಸದಾಗದು. ಕಟ್ಟಿಕೊಂಡಾಗಲೂ ವಾಸನೆ ಬರಲು ಶುರುವಾದ ದಿನ ಅದರ ಆಯುಸ್ಸು ಮುಗಿಯಿತು.

ಯಾವ ಮಾಸ್ಕೇ ಆಗಲಿ, ಹತ್ತು ನಿಮಿಷದ ಮೇಲೆ ಒಳಗೇ ವಾಸನೆ ಅನಿಸಿದರೆ ಪಕ್ಕದವರನ್ನು ದೂರುವ ಮುಂಚೆ ಮಣಿಕಟ್ಟನ್ನು ನೆಕ್ಕಿ, ಹತ್ತು ಸೆಕೆಂಡು ಆರಲು ಬಿಟ್ಟು ಮೂಸಿ ನೋಡಿ. ಎಷ್ಟೋ ಸಲ ಅಪರಾಧಿ ಮಾಸ್ಕಿನ ಒಳಗೇ ಇರುತ್ತಾನೆ.

ವಿಕ್ಸ್ ಇನ್‌ಹೇಲರ್ ಮತ್ತು ಒಂದು ಏಲಕ್ಕಿ: 8

ನೂರು ರೂಪಾಯಿಯೊಳಗೆ ಮುಗಿಯುವ ಸಾಮಾನು, ಕಾಲುಚೀಲದಷ್ಟೂ ಜಾಗ ತಿನ್ನದು. ಮೆಂಥಾಲ್ ಮೂಗು ಬಿಡಿಸುತ್ತದೆ ಎನ್ನುವುದು ಅರ್ಧ ಸತ್ಯ. ಅದು ಮೂಗಿನ ಒಳಗಿನ ತಣ್ಣನೆಯ ಅರಿವಿನ ನರಗಳನ್ನು ಕೆಣಕುತ್ತದೆ, ಗಾಳಿ ಸರಾಗವಾಗಿ ಹೋಗುತ್ತಿದೆ ಎಂಬ ಭಾವನೆ ಬರುತ್ತದೆ. ನಮಗೆ ಬೇಕಾದದ್ದೂ ಇಷ್ಟೇ: ಈ ಚಳುಕು ಜೋರಾಗಿದ್ದಾಗ ಸಣ್ಣ ವಾಸನೆಗಳ ಕಡೆ ಗಮನ ಹೋಗದು.

ಒಂದೊಂದು ಹೊಳ್ಳೆಗೆ ಒಂದೊಂದು ಉಸಿರು, ಸಾಕು. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಮುಟ್ಟಬೇಡಿ. ಪದೇ ಪದೇ ಎಳೆದರೆ ಮೂಗು ಮೆಂಥಾಲ್‌ಗೇ ಒಗ್ಗಿಹೋಗುತ್ತದೆ. ಇನ್ನೊಂದು ತಪ್ಪು ಎಲ್ಲರೂ ಮಾಡುವುದು: ಇನ್‌ಹೇಲರ್ ತೆಗೆದ ಮೇಲೆ 'ವಾಸನೆ ಹೋಯ್ತಾ?' ಎಂದು ಜೋರಾಗಿ ಮೂಸಿ ನೋಡುವುದು. ನಿಧಾನ ಉಸಿರಾಟದಲ್ಲಿ ಗಾಳಿಯ ಸ್ವಲ್ಪ ಪಾಲು ಮಾತ್ರ ಮೂಗಿನ ಮೇಲ್ತುದಿಯ ವಾಸನೆ ಹಿಡಿಯುವ ಜಾಗಕ್ಕೆ ಮುಟ್ಟುತ್ತದೆ. ಮೂಸಿದರೆ ನಾವೇ ಕೈಹಿಡಿದು ಅಲ್ಲಿಗೆ ಕರೆದೊಯ್ದ ಹಾಗೆ.

ಏಲಕ್ಕಿ ಯಾಕೆಂದರೆ, ಇನ್‌ಹೇಲರ್ ಕಾಯುವುದು ಒಳಗೆಳೆದ ಉಸಿರನ್ನು. ಹೊರಬಿಡುವ ಉಸಿರು ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ದವಡೆಯಲ್ಲಿ ಒಂದು ಏಲಕ್ಕಿ ಕಾಯನ್ನು ಸಿಪ್ಪೆ ಸಮೇತ ಬಿರುಕು ಬಿಡುವಷ್ಟು ಕಚ್ಚಿ ಇಟ್ಟುಕೊಂಡರೆ ಆ ಅರ್ಧಕ್ಕೂ ಕಾವಲು ಸಿಕ್ಕಿತು. ಪೂರ್ತಿ ಅಗಿದರೆ ಐದೇ ನಿಮಿಷ, ಇಟ್ಟುಕೊಂಡು ಒತ್ತುತ್ತಿದ್ದರೆ ಯಶವಂತಪುರದಿಂದ ಜಯನಗರದವರೆಗೂ ಬರುತ್ತದೆ. ಲವಂಗ ಬೇಡ, ನಾಲಿಗೆ ಮರಗಟ್ಟುತ್ತದೆ.

ಬಾಯಲ್ಲಿ ಉಸಿರಾಡಿದರೆ ಪುಕ್ಕಟೆ ಪರಿಹಾರ ಎನ್ನುವವರಿಗೆ: ಹತ್ತು ನಿಮಿಷಕ್ಕೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾದರೆ ನಿಮ್ಮ ಬಾಯಿ ಒಣಗಿ, ಮುಂದಿನ ಸ್ಟಾಪಿನಲ್ಲಿ ಹತ್ತಿದವರು ನಿಮ್ಮಿಂದ ಮುಖ ತಿರುಗಿಸುತ್ತಾರೆ.

ಮನೆಯಲ್ಲೇ ಮಾಡುವ ಅಮೃತಧಾರೆ: 7

ಅವೆನ್ಯೂ ರಸ್ತೆ, ಚಿಕ್ಕಪೇಟೆ, ಮಲ್ಲೇಶ್ವರದ ಗ್ರಂಧಿಗೆ ಅಂಗಡಿಗಳಲ್ಲಿ ಪುದೀನ ಹೂವು, ಓಮದ ಹೂವು, ಪಚ್ಚ ಕರ್ಪೂರ ಕೇಳಿ. ಹೆಸರಲ್ಲಿ ಹೂವಿದ್ದರೂ ಮೊದಲಿನೆರಡು ಬಿಳಿ ಹರಳುಗಳು, ಮೆಂಥಾಲ್ ಮತ್ತು ಥೈಮಾಲ್. ಮೂರನ್ನೂ ತಲಾ 5 ಗ್ರಾಂ ತೂಗಿ ಒಣಗಿದ ಗಾಜಿನ ಸೀಸೆಗೆ ಹಾಕಿ ಬಿರಡೆ ಬಿಗಿದು ಕುಲುಕಿ. ನೀರು, ಎಣ್ಣೆ, ಒಲೆ ಏನೂ ಬೇಡ. ಮೂರು ಗಟ್ಟಿ ಹರಳು ಒಂದಕ್ಕೊಂದು ತಾಗಿ ತಾನಾಗಿಯೇ ನೀರಾಗುತ್ತವೆ, ಬೆರೆತಾಗ ಕರಗುವ ಬಿಂದು ಕೋಣೆಯ ಉಷ್ಣತೆಗಿಂತ ಕೆಳಗಿಳಿಯುವುದರಿಂದ. ನೀರಾಗದೆ ಹರಳು ಉಳಿದರೆ ಒಂದೋ ತೂಕ ತಪ್ಪಿದೆ, ಇಲ್ಲವೇ ಕಲಬೆರಕೆ ಕರ್ಪೂರ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಸೀಸೆಗೆ ಹಾಕಿದರೆ ಮೆತ್ತಗಾಗಿ ಸೋರಿ ಬ್ಯಾಗೆಲ್ಲ ಘಮಘಮ.

ಹತ್ತಿಯ ಉಂಡೆಗೆ ಒಂದೇ ತೊಟ್ಟು ಹಾಕಿ, ಪುಟ್ಟ ಗಾಜಿನ ಸೀಸೆಯಲ್ಲಿಟ್ಟು ಬೇಕಾದಾಗ ಮುಚ್ಚಳ ತೆಗೆದರೆ ಆಯಿತು. ಮೂಗಿನ ಕೆಳಗೆ ನೇರ ಸವರಿದರೆ ಚರ್ಮ ಉರಿಯುತ್ತದೆ, ಆ ಕೈ ಕಣ್ಣಿಗೆ ತಾಗಿದರೆ ಹೇಳುವುದೇ ಬೇಡ. ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಲೇಬೇಕು, ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಅಸ್ತಮಾ, ಮೂರ್ಛೆ ರೋಗ ಇರುವವರಿಗೂ ಗರ್ಭಿಣಿಯರಿಗೂ ಇದು ಬೇಡ. ಎಸಿ ಬಸ್ಸಿನಲ್ಲಿ ತೆರೆದರೆ ಮೂರು ಸೀಟಿನವರೆಗೆ ಘಾಟು ಹೋಗುವುದರಿಂದ ಅಂಕ ಒಂದು ಕಡಿಮೆ.

ನಿಂಬೆಹಣ್ಣು: 9

ಘಾಟಿ ಬಸ್ಸಿನಲ್ಲಿ ವಾಂತಿಗೆಂದು ಅಜ್ಜಿಯರು ಕೈಯಲ್ಲಿ ಹಿಡಿದು ಕೂರುತ್ತಿದ್ದ ನಿಂಬೆಹಣ್ಣಿಗೇ ಇಲ್ಲಿ ಮೊದಲ ಸ್ಥಾನ. ಪರಿಮಳವಿರುವುದು ರಸದಲ್ಲಲ್ಲ, ಸಿಪ್ಪೆಯ ಚುಕ್ಕಿಗಳಲ್ಲಿ. ಹೆಚ್ಚಬೇಡಿ. ಹೆಚ್ಚಿದರೆ ರಸ ಅಂಟಂಟು, ಎಣ್ಣೆ ಒಮ್ಮೆಗೇ ಹಾರಿಹೋಗುತ್ತದೆ. ಉಗುರಿನಿಂದ ಅಕ್ಕಿಕಾಳು ಉದ್ದದ ಒಂದು ಗೀರು ಎಳೆದರೆ ಎಣ್ಣೆ ಚಿಮ್ಮುವುದು ಬೆರಳಿಗೆ ತಿಳಿಯುತ್ತದೆ. ಐದಾರು ನಿಮಿಷಕ್ಕೆ ಪಕ್ಕದಲ್ಲಿ ಇನ್ನೊಂದು ಗೀರು. ಕಾಡುಗೋಡಿಯಿಂದ ಮೆಜೆಸ್ಟಿಕ್‌ವರೆಗೆ 335ಇ ಬಸ್ಸಿನಲ್ಲಿ, ಮಾರತ್ತಹಳ್ಳಿಯ ಟ್ರಾಫಿಕ್ ಸೇರಿಸಿಯೂ, ಒಂದು ಹಣ್ಣು ಧಾರಾಳವಾಗಿ ಸಾಕು. ಹಸಿರು ಕಾಯಿ ಹಣ್ಣಿಗಿಂತ ಹೆಚ್ಚು ಘಮ್ಮೆನ್ನುತ್ತದೆ. ಸಿಪ್ಪೆ ಒಣಗಿ ಚರ್ಮದಂತಾದದ್ದು ಬೇಡ.

ಗುಣ ಏನೆಂದರೆ, ಅಲೆ ಬಂದಾಗ ಮೂಗಿನ ಬಳಿ ತಂದರೆ ಸಾಕು, ಇಲ್ಲದಾಗ ತೊಡೆಯ ಮೇಲೆ. ಹಾಗಾಗಿ ಮೂಗು ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ನೋಡಿದವರು 'ಪಾಪ, ತಲೆಸುತ್ತು' ಎಂದುಕೊಳ್ಳುತ್ತಾರೆ, ಪಕ್ಕದವರಿಗೆ ಅವಮಾನವಾಗುವುದಿಲ್ಲ. ಮೂಗು ಮುಚ್ಚಿಕೊಂಡರೆ ಆಗುವ ಜಗಳ ಇದರಲ್ಲಿಲ್ಲ. ಒಂದು ಅಂಕ ಹಿಡಿದದ್ದು, ನಿಂತು ಪ್ರಯಾಣಿಸುವವರಿಗೆ ಒಂದು ಕೈ ಕಂಬಿಗೆ, ಒಂದು ಕೈ ಬ್ಯಾಗಿಗೆ ಹೋಗಿ ನಿಂಬೆಗೆ ಕೈ ಉಳಿಯದ ಕಾರಣ. ನಿಂಬೆ ಎಣ್ಣೆ ಬಿದ್ದ ಚರ್ಮ ಮಧ್ಯಾಹ್ನದ ಬಿಸಿಲಿಗೆ ಕಪ್ಪಾಗುವುದುಂಟು, ಇಳಿದ ಮೇಲೆ ಕೈ ತೊಳೆಯಿರಿ.

ದುಡ್ಡು ಕೊಡಬಾರದವು

ಕತ್ತಿಗೆ ನೇತುಹಾಕುವ 'ಅಯಾನ್ ಪ್ಯೂರಿಫೈಯರ್' ಆಭರಣ ಅಷ್ಟೇ. ಅದು ಅನಿಲ ಹಿಡಿಯದು, ಕೆಲವು ಮಾದರಿಗಳು ಮೂಗಿನ ಹತ್ತಿರವೇ ಓಝೋನ್ ಬಿಡುತ್ತವೆ. ಮೂಗಿನೊಳಗೆ ತುರುಕುವ ಜಾಲರಿ ಧೂಳಿಗೆ ಮಾತ್ರ. ಕರ್ಚೀಫಿಗೆ ಸೆಂಟು ಹೊಡೆದರೆ ವಾಸನೆ ಹೋಗದು, ಸೆಂಟೂ ಬಾಯಿ ನಾತವೂ ಕೂಡಿದ ಮೂರನೆಯದೊಂದು ಹುಟ್ಟುತ್ತದೆ.

ಮಲ್ಲಿಗೆಯ ಬಗ್ಗೆಯೂ ಒಂದು ಮಾತು. ಗಾಂಧಿ ಬಜಾರಿನಲ್ಲಿ ಒಂದು ಮೊಳ ತೆಗೆದುಕೊಂಡು ಕೈಗೆ ಸುತ್ತಿಕೊಂಡರೆ ಸಾಕು ಎನಿಸುತ್ತದೆ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತುವಿದೆ, ಬಾಯಿಯ ಬ್ಯಾಕ್ಟೀರಿಯಾಗಳೂ ಅದನ್ನೇ ತಯಾರಿಸುತ್ತವೆ. ಸಂಜೆಗೆ ಬಾಡಿದ ಮಲ್ಲಿಗೆ ಮುಚ್ಚಿದ ಬಸ್ಸಿನಲ್ಲಿ ತಲೆನೋವು ತರುವುದರಲ್ಲಿ ಅದರ ಪಾಲೂ ಇದ್ದೀತು. ದವನ ವಾಸಿ. ಒಣಗಿದರೂ ಪರಿಮಳ ಬಿಡದು.

ಬೆನ್ನುಚೀಲಕ್ಕೆ ಸಿಕ್ಕಿಸುವ ಪುಟ್ಟ ಚಾರ್ಜಿಂಗ್ ಫ್ಯಾನು ಮಾತ್ರ ಈ ಸಾಲಿಗೆ ಸೇರದು. ಎಸಿ ಇಲ್ಲದ ಬಸ್ಸು ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಮುಖಕ್ಕೆ ಅಡ್ಡಲಾಗಿ, ಕಿಟಕಿಯಿಂದ ಒಳಕ್ಕಲ್ಲ, ಒಳಗಿನಿಂದ ಕಿಟಕಿಯ ಕಡೆಗೆ ಹಿಡಿದರೆ ಬರುವ ಅಲೆ ಹೊರಗೆ ಹೋಗುತ್ತದೆ.

ಖರ್ಚಿಲ್ಲದ್ದು: ಸೀಟು, ಗಾಳಿ, ಕೋನ

ವಜ್ರ, ವಾಯು ವಜ್ರ ಎಂಬ ಎಸಿ ಸಿಟಿ ಬಸ್ಸಿನಲ್ಲಿ ತಲೆಯ ಮೇಲೆ ತಿರುಗಿಸುವ ಗುಂಡನೆಯ ಗಾಳಿ ನಳಿಗೆ ಇರುತ್ತದೆ. ಚಳಿಯೆಂದು ಅದನ್ನು ಮುಚ್ಚುವುದು ದೊಡ್ಡ ತಪ್ಪು. ಮುಖಕ್ಕೆ ನೇರ ಬೇಡ. ಮುಖದ ಮುಂದೆ ಅರ್ಧ ಅಡಿ ಬಿಟ್ಟು, ಪಕ್ಕದವರ ಕಡೆ ಸ್ವಲ್ಪ ವಾಲಿಸಿ, ಗಾಳಿ ನಿಮ್ಮ ಮೊಣಕಾಲಿಗೆ ಬೀಳುವ ಹಾಗೆ ತಿರುಗಿಸಿ. ಮೊಣಕಾಲ ಮೇಲೆ ಅಂಗೈ ಇಟ್ಟು ನೋಡಿದರೆ ಗಾಳಿ ತಾಗಬೇಕು. ಇಬ್ಬರ ನಡುವೆ ಪರದೆ ಇಳಿಬಿಟ್ಟ ಹಾಗೆ.

ಮೆಟ್ರೊದಲ್ಲಿ ಗೋಡೆಗಂಟಿದ ಉದ್ದ ಸೀಟು, ಪಕ್ಕದವರ ಉಸಿರು ಎದುರಿಗೆ ಹೋಗುತ್ತದೆ. ಸೀಟು ಸಿಕ್ಕಿದರೆ ಅರ್ಧ ಗೆದ್ದಂತೆ. ನಿಲ್ಲಬೇಕಾದರೆ ಬಾಗಿಲ ಬಳಿ ಮುಖಾಮುಖಿ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಬೋಗಿಗಳ ಸಂದಿಯಲ್ಲಿ ಬೆನ್ನು ಗೋಡೆಗೆ ಕೊಟ್ಟು ನಿಂತರೆ ಎದುರಿಗೆ ಬರುವವರು ಕಡಿಮೆ. ಅದೂ ಆಗದಿದ್ದರೆ ಎದುರಿನವರಿಗೆ ಭುಜ ಕೊಟ್ಟು ಅಡ್ಡಕ್ಕೆ ತಿರುಗಿ. ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ಸ್ಟೇಷನ್‌ವರೆಗಿನ ಐದು ಸುರಂಗ ನಿಲ್ದಾಣಗಳಲ್ಲೇ ಜನ ಹೆಚ್ಚು ಒತ್ತರಿಸುವುದು, ತಿರುಗಿ ನಿಲ್ಲುವ ಕೆಲಸ ಎಂ.ಜಿ. ರಸ್ತೆಗೆ ಬರುವ ಮೊದಲೇ ಮುಗಿಸಿಕೊಳ್ಳಿ.

ಕ್ಯಾಬಿನಲ್ಲಿ ಎಸಿ ಹೆಚ್ಚಿಸಿದರೆ ವಾಸನೆ ಹೋಗುತ್ತದೆ ಎಂಬುದು ಭ್ರಮೆ. ಕಾರಿನ ಚಿತ್ರದೊಳಗೆ ಸುತ್ತುವ ಬಾಣವಿರುವ ಬಟನ್ ಆನ್ ಆಗಿದ್ದರೆ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. 'ಅಣ್ಣಾ, ಸ್ವಲ್ಪ ಹೊರಗಿನ ಗಾಳಿ ಬಿಡಿ' ಎಂದರೆ ಯಾರೂ ಬೇಸರಿಸರು. ಅಥವಾ ಮುಂದಿನ ಎಡಗಿಟಕಿ, ಹಿಂದಿನ ಬಲಗಿಟಕಿ ಎರಡೆರಡು ಬೆರಳು ಇಳಿಸಿದರೆ ಗಾಳಿ ಅಡ್ಡ ಹಾಯುತ್ತದೆ. ರಾತ್ರಿ ಬಸ್ಸಿನಲ್ಲಿ ಅಪರಿಚಿತರ ಜೊತೆಯ ಜೋಡಿ ಬರ್ತ್ ತಪ್ಪಿಸಿ ಒಂಟಿ ಬರ್ತ್ ಹಿಡಿಯಿರಿ. ಗೊರಕೆ ಹೊಡೆಯುವವರು ಬಾಯಲ್ಲಿ ಉಸಿರಾಡುತ್ತಾರೆ, ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಕಡಿಮೆ, ಬೆಳಗಿನ ಜಾವಕ್ಕೆ ವಾಸನೆ ಉತ್ತುಂಗದಲ್ಲಿರುತ್ತದೆ.

ಪಕ್ಕದವರಿಗೇ ಏನಾದರೂ ಕೊಡಬಹುದೇ?

ಕೊಡಬಹುದು, ಎಲ್ಲ ವಾಸನೆಗೂ ಅದು ನಡೆಯದು. ಬಾಯಿ ಒಣಗಿ ಬಂದದ್ದಾದರೆ ಸೋಂಪು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಕೆಲಸ ಮಾಡುತ್ತವೆ, ಅಗಿದಾಗ ಜೊಲ್ಲು ಬರುತ್ತದೆ. ಸಕ್ಕರೆಯ ಪೆಪ್ಪರ್‌ಮಿಂಟು ಹತ್ತು ನಿಮಿಷದ ಮುಸುಕು, ಆಮೇಲೆ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಕೊಡುವ ಕ್ರಮ: ಪೊಟ್ಟಣ ಬಿಚ್ಚಿ ಮೊದಲು ನೀವು ಬಾಯಿಗೆ ಹಾಕಿಕೊಂಡು, ಆಮೇಲೆ 'ತಗೊಳ್ಳಿ' ಎಂದು ಚಾಚಿ. ಮೊದಲು ಅವರಿಗೇ ಚಾಚಿದರೆ ಅರ್ಥವಾಗಿಬಿಡುತ್ತದೆ. ಅಪರಿಚಿತರು ಕೊಟ್ಟದ್ದು ತಿನ್ನಬೇಡಿ ಎಂದು ಎಲ್ಲರೂ ಹೇಳಿಸಿಕೊಂಡು ಬೆಳೆದಿರುವುದರಿಂದ, ಬೇಡವೆಂದರೆ ಒತ್ತಾಯ ಬೇಡ.

ಬೆಳ್ಳುಳ್ಳಿ ಮತ್ತು ಎಣ್ಣೆ ಏಟು ಬೇರೆ ಕಥೆ. ಬೆಳ್ಳುಳ್ಳಿಯ ಅಲೈಲ್ ಮೀಥೈಲ್ ಸಲ್ಫೈಡ್ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ, ಆಲ್ಕೋಹಾಲೂ ಹಾಗೆಯೇ. ಬಾಯಿಗೆ ಏನು ಹಾಕಿದರೂ ಉಸಿರಿನಲ್ಲಿ ಗಂಟೆಗಟ್ಟಲೆ ಇರುತ್ತದೆ. ಅಲ್ಲಿ ಸೋಂಪು ದಂಡ, ಸೀಟು ಬದಲಿಸುವುದೇ ಸರಿ.

ದಿನವೂ ಕಾರ್‌ಪೂಲಿನಲ್ಲಿ ಸಿಗುವ ಆಪ್ತರಾದರೆ ಮಾತು ಬೇರೆ. ಐವತ್ತು ರೂಪಾಯಿಯ ಸ್ಟೀಲ್ ನಾಲಿಗೆ ಪಟ್ಟಿ, ಹಿಂದಿನಿಂದ ಮುಂದಕ್ಕೆ ನಾಲ್ಕೈದು ಸಲ ಹಗುರಾಗಿ, ಬೆಳಿಗ್ಗೆ ರಾತ್ರಿ ಎರಡು ಹೊತ್ತು. ವಾಸನೆ ತಗ್ಗದಿದ್ದರೆ ಒಸಡು ತೋರಿಸಬೇಕು. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲಿ ಹಲ್ಲು ಕ್ಲೀನ್ ಮಾಡಿಸಲು ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಇದನ್ನು ಇಬ್ಬರೇ ಇದ್ದಾಗ ಹೇಳಿ, ಕಾರಿನಲ್ಲಿ ನಾಲ್ವರ ಮುಂದೆ ಅಲ್ಲ.

ಒಂದು ವಾಸನೆ ಮಾತ್ರ ಬೇರೆ. ನೇಲ್ ಪಾಲಿಶ್ ಅಳಿಸುವ ದ್ರಾವಣದಂತೆ, ಅತಿ ಹಣ್ಣಾದ ಹಣ್ಣಿನಂತೆ ಸಿಹಿಯಾಗಿ ಬಂದರೆ ಅದು ಅಸಿಟೋನ್. ಉಪವಾಸದವರಲ್ಲೂ ಬರುತ್ತದೆ, ಅದರಿಂದ ಅಪಾಯವಿಲ್ಲ. ಅದರ ಜೊತೆಗೆ ಆಳವಾದ ವೇಗದ ಉಸಿರು, ವಾಂತಿ, ತೊದಲು, ಮಂಪರು ಕಂಡರೆ ಸಕ್ಕರೆ ಕಾಯಿಲೆ ಕೈಮೀರಿರಬಹುದು. ಬಸ್ಸಿನಲ್ಲಿ ಇಂಥವರನ್ನು ಕುಡಿದವರೆಂದು ತಿಳಿದು ಹಿಂದಿನ ಸೀಟಿಗೆ ದೂಡುವುದೇ ಹೆಚ್ಚು. ಜೇಬಿನಲ್ಲೋ ಬ್ಯಾಗಿನಲ್ಲೋ ಇನ್ಸುಲಿನ್ ಪೆನ್ನು, ಗ್ಲುಕೋಮೀಟರ್ ಇದೆಯೇ ಎಂದು ಕೇಳಿ, ಕಂಡಕ್ಟರಿಗೆ ತಿಳಿಸಿ, ಮುಂದಿನ ಸ್ಟಾಪಿನ ಹೆಸರು ಹೇಳಿ 108ಕ್ಕೆ ಫೋನ್ ಮಾಡಿ.